ಹಸಿರು ಶಾಯಿಯ ‘ಪ್ಲೀಸ್ ಸ್ಪೀಕ್’

ಸುಬೇದಾರ್ ಪೊನ್ನಣ್ಣನವರಿಗೆ ಒಂದು ಚಟವಿತ್ತು. ಯಾವ ಕಾಗದ ಕೈಗೆ ಬಂದರೂ ಮೊದಲು ಅದರ ಬಲಮೂಲೆಯಲ್ಲಿ ಪುಟಸಂಖ್ಯೆ ಹಾಕಿಬಿಡುವುದು. ಮಗಳು ನಿಶಿತಾಳ ಅಂಕಪಟ್ಟಿಗಳು, ಹೆಂಡತಿ ದೇಚಮ್ಮನ ಡಾಕ್ಟರ್ ಚೀಟಿಗಳು, ಕೊನೆಗೆ ನೀರಿನ ಬಿಲ್ಲುಗಳು ಕೂಡ ಅವರ ಮನೆಯಲ್ಲಿ ಸಂಖ್ಯೆ ಹಾಕಿಸಿಕೊಂಡು, ದಾರ ಪೋಣಿಸಿಕೊಂಡು ಕೂತಿದ್ದವು. ಸೈನ್ಯದಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತಿಕೆ ಮಾಡಿದ ಕೈ ಅದು. ಕೊಡಗಿನವರು, ಅದರಲ್ಲೂ ಸೈನ್ಯದವರು ಎಂದರೆ ಜನ ಕಣ್ಣಮುಂದೆ ಬಂದೂಕನ್ನೇ ತಂದುಕೊಳ್ಳುತ್ತಾರೆ. ಪೊನ್ನಣ್ಣನವರು ಹಿಡಿದದ್ದು ಹೆಚ್ಚಾಗಿ ಪೆನ್ನು. “ಗುಂಡು ತಪ್ಪಿದ್ರೆ ಒಬ್ಬ ಸಾಯ್ತಾನೆ. ಕಾಗದ ತಪ್ಪಿದ್ರೆ ಇಡೀ ಕಂಪನಿಗೆ ಊಟ ಇರಲ್ಲ” ಎನ್ನುವುದು ಅವರ ಮಾತು.

ನಿವೃತ್ತಿಯಾದಾಗ ದೇಶದ ರಾಜಧಾನಿ ಬಿಟ್ಟು ಊರಿಗೆ ಹೋಗುವ ಮಾತೇ ಬರಲಿಲ್ಲ. ದೇಚಮ್ಮನಿಗೆ ಮಂತ್ರಾಲಯವೊಂದರಲ್ಲಿ ಕೆಲಸ, ಆರ್.ಕೆ.ಪುರಂನಲ್ಲಿ ಸರಕಾರಿ ಕ್ವಾರ್ಟರ್ಸು, ಮಗಳಿಗೆ ಕಾಲೇಜು. ಹಾಗಾಗಿ ಮಾಜಿ ಸೈನಿಕರಿಗೆಂದು ಇಟ್ಟಿದ್ದ ಒಂದು ಗುತ್ತಿಗೆ ಹುದ್ದೆಗೆ ಅರ್ಜಿ ಹಾಕಿ, ಪಕ್ಕದ ಮುನಿರ್ಕಾದಿಂದ ಆಟೋದಲ್ಲಿ ಹೋಗುವಷ್ಟು ದೂರದ ಒಂದು ವಿಶ್ವವಿದ್ಯಾಲಯದ ಟಪಾಲು ವಿಭಾಗಕ್ಕೆ ಸೇರಿಕೊಂಡರು. ಯಾವ ವಿಶ್ವವಿದ್ಯಾಲಯ ಎಂದು ಕೇಳಬೇಡಿ. ಹೆಸರು ಬೇಕಾದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮೂವತ್ತು ದಿನ ಕಾದು, ‘ಲಭ್ಯವಿಲ್ಲ’ ಎಂಬ ಉತ್ತರ ತೆಗೆದುಕೊಳ್ಳಬಹುದು.

ಟಪಾಲು ವಿಭಾಗದಲ್ಲಿ ಮೂರು ವರ್ಷ ಅವರು ಸುಖವಾಗಿದ್ದರು. ಬಂದ ಕಾಗದಕ್ಕೊಂದು ನಂಬರು, ಹೋದ ಕಾಗದಕ್ಕೊಂದು ನಂಬರು. ಅವರಿಗಿದ್ದ ಇನ್ನೊಂದು ಗೌರವವೆಂದರೆ ಧ್ವನಿ. ಪ್ರತಿವರ್ಷ ಚಳಿಗಾಲ ಕಾಲಿಡುವ ಹೊತ್ತಿಗೆ ಭ್ರಷ್ಟಾಚಾರ ವಿರೋಧಿ ಸಪ್ತಾಹ ನಡೆಯುತ್ತದಲ್ಲ, ಆಗ ಆಡಳಿತ ಕಟ್ಟಡದ ಮುಂದೆ ಎಲ್ಲರನ್ನೂ ನಿಲ್ಲಿಸಿ ಪ್ರಮಾಣವಚನ ಹೇಳಿಸಲು ಕರೆಯುತ್ತಿದ್ದದ್ದು ಸುಬೇದಾರ್ ಸಾಬರನ್ನೇ. ಪರೇಡಿನಲ್ಲಿ ಪಳಗಿದ ಗಂಟಲಿಗೆ ಮೈಕು ಬೇಕಿರಲಿಲ್ಲ. ಅವರು ಒಂದು ಸಾಲು ಹೇಳಿದರೆ ಮುನ್ನೂರು ಜನ ಕೈ ಮುಂದೆ ಚಾಚಿ ಅದನ್ನೇ ಹೇಳುತ್ತಿದ್ದರು. ಹೇಳಿ ಮುಗಿಸಿ ಸಮೋಸಾ ತಿಂದು ಒಳಗೆ ಹೋಗುತ್ತಿದ್ದರು.

ನಾಲ್ಕನೆಯ ವರ್ಷದ ಬೇಸಗೆಯಲ್ಲಿ ನೇಮಕಾತಿ ವಿಭಾಗದ ಹಳಬರೊಬ್ಬರು ನಿವೃತ್ತರಾದರು. ಜಾಯಿಂಟ್ ರಿಜಿಸ್ಟ್ರಾರ್ ಅಭಿಷೇಕ್ ಸಾಹೇಬರು ಫೋನ್ ಮಾಡಿ, “ಸುಬೇದಾರ್ ಸಾಬ್, ನಾಳೆಯಿಂದ ನೇಮಕಾತಿಯಲ್ಲಿ ಕೂತ್ಕೊಳ್ಳಿ” ಎಂದರು. ಪೊನ್ನಣ್ಣನವರು ಲಿಖಿತ ಆದೇಶ ಕೇಳಿದರು. “ಬರುತ್ತೆ, ಬರುತ್ತೆ” ಎಂದರು ಸಾಹೇಬರು. ಒಂದು ವಾರ ಬಿಟ್ಟು ಮತ್ತೆ ಕೇಳಿದರು. ಮತ್ತೆ ಅದೇ ಉತ್ತರ. ಮೂರನೆಯ ಸಲ ಕೇಳಲು ಸಂಕೋಚವಾಯಿತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದದ್ದು ಅಲ್ಲೇ. ನೀರಿನ ಬಿಲ್ಲಿಗೂ ನಂಬರು ಹಾಕುವ ಮನುಷ್ಯ, ತನ್ನ ವರ್ಗಾವಣೆಗೆ ಒಂದು ಚೂರು ಕಾಗದವಿಲ್ಲ ಎನ್ನುವುದನ್ನು ಮರೆತೇಬಿಟ್ಟರು.

ಜುಲೈನಲ್ಲಿ ಇತಿಹಾಸ ವಿಭಾಗದ ಒಂದೇ ಒಂದು ಖಾಯಂ ಹುದ್ದೆಗೆ ಸಂದರ್ಶನ ನಡೆಯಿತು. ಒಳಗೆ ಐವರ ಸಮಿತಿ. ಹೊರಗೆ ಹೆಸರು ಕರೆದು ಒಳಗೆ ಬಿಡಲು ಪೊನ್ನಣ್ಣನವರು. ಕಾದಿದ್ದವರಲ್ಲಿ ಅಹಲ್ಯಾ ಎಂಬಾಕೆ ಅದೇ ವಿಭಾಗದಲ್ಲಿ ಒಂಬತ್ತು ವರ್ಷದಿಂದ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದವರು. ಖಾಯಂ ಹುದ್ದೆ ಬೇರೆಯವರಿಗೆ ಹೋದರೆ ಆಕೆಯ ತರಗತಿಗಳೂ ಅವರಿಗೇ ಹೋಗುತ್ತವೆ, ಒಂಬತ್ತು ವರ್ಷಕ್ಕೆ ಬೆಲೆ ಇರುವುದಿಲ್ಲ. ಆಕೆ ಬೆಳಗಿನಿಂದ ಕಾದು ಕೂತಿದ್ದದ್ದು ಕಂಡು ಪೊನ್ನಣ್ಣನವರು ಒಂದು ಲೋಟ ನೀರು ತಂದುಕೊಟ್ಟರು. ಅಷ್ಟೇ ಪರಿಚಯ.

ಸಂಜೆ ಮುಚ್ಚಿದ ಲಕೋಟೆ ಬಂತು. ನಿಯಮದಂತೆ ಅದನ್ನು ತೆರೆದು, ಐವರು ಕೊಟ್ಟ ಅಂಕ ಕೂಡಿ, ನೋಟ್‌ಶೀಟಿನಲ್ಲಿ ಟಿಪ್ಪಣಿ ಬರೆಯುವುದು ಅವರ ಕೆಲಸ. ಅಹಲ್ಯಾಗೆ ಎಂಬತ್ತೆರಡು. ಅವಳ ನಂತರದವನಿಗೆ ಎಪ್ಪತ್ತೊಂದು. ಅಂಕಪಟ್ಟಿಗೆ ಹದಿನಾಲ್ಕು ಎಂದು ಪುಟಸಂಖ್ಯೆ ಹಾಕಿ, ಮೊದಲ ಹೆಸರು ಅಹಲ್ಯಾ ಎಂದು ಬರೆದು, ಫೈಲನ್ನು ಮೇಲಕ್ಕೆ ಕಳಿಸಿದರು. ಒಬ್ಬ ಯೋಗ್ಯಳಿಗೆ ಯೋಗ್ಯವಾದದ್ದು ಸಿಕ್ಕಿತು ಎಂಬ ಸಂತೋಷದಲ್ಲಿ ಆ ದಿನ ಮನೆಗೆ ಜಿಲೇಬಿ ಕೂಡ ತಂದರು.

ಮೂರು ದಿನದ ಮೇಲೆ ಫೈಲು ಹಿಂದಿರುಗಿತು. ಅವರ ಟಿಪ್ಪಣಿಯ ಕೆಳಗೆ ಹಸಿರು ಶಾಯಿಯಲ್ಲಿ ಎರಡೇ ಪದ ಇದ್ದವು: ‘ಪ್ಲೀಸ್ ಸ್ಪೀಕ್’. ದಯವಿಟ್ಟು ಬಂದು ಮಾತಾಡಿ. ಪೊನ್ನಣ್ಣನವರಿಗೆ ಹೆಮ್ಮೆಯಾಯಿತು. ಇಷ್ಟು ದೊಡ್ಡ ಅಧಿಕಾರಿ ತನ್ನಂಥ ಗುತ್ತಿಗೆಯವನ ಅಭಿಪ್ರಾಯ ಕೇಳುತ್ತಿದ್ದಾರೆ ಎಂದುಕೊಂಡು, ಅಂಗಿಯ ಗುಂಡಿ ಸರಿಮಾಡಿಕೊಂಡು ಹೋದರು.

ಸಾಹೇಬರು ಕೂರಿಸಿ ಚಹಾ ತರಿಸಿದರು. ಕೂರ್ಗಿನ ಕಾಫಿ, ಸೈನ್ಯದ ಶಿಸ್ತು, ಎಲ್ಲವನ್ನೂ ಹೊಗಳಿದರು. ಆಮೇಲೆ ಚಹಾದ ಕಪ್ಪು ಕೆಳಗಿಟ್ಟು, “ಆ ಅಂಕಪಟ್ಟಿಯಲ್ಲಿ ಏನೋ ಗಡ್‌ಬಡ್ ಆಗಿದೆ. ಸಮಿತಿಯವರು ಹೊಸ ಶೀಟ್ ಕೊಡ್ತಾರೆ. ಹಳೇದನ್ನ ತೆಗೆದುಬಿಡಿ, ಹೊಸ ಟಿಪ್ಪಣಿ ಹಾಕಿ. ಆಪ್ ದೇಖ್ ಲೀಜಿಯೇ” ಎಂದರು.

“ಹದಿನಾಲ್ಕನೇ ಪುಟ ತೆಗೀಬೇಕಾ ಸರ್?”

“ಅಚ್ಛಾ, ಪುಟ ಗಿಟ ಎಲ್ಲ ನೀವೇ ನೋಡ್ಕೊಳ್ಳಿ” ಎಂದು ನಕ್ಕರು ಸಾಹೇಬರು.

ಇನ್ನೊಬ್ಬನಾಗಿದ್ದರೆ ಇಷ್ಟಕ್ಕೆ ಅರ್ಥಮಾಡಿಕೊಂಡು ಒಂದೋ ಪುಟ ಕಿತ್ತುಹಾಕುತ್ತಿದ್ದ, ಇಲ್ಲವೇ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದು ಹದಿನೈದು ದಿನ ಹುಷಾರಿಲ್ಲದೆ ಮಲಗುತ್ತಿದ್ದ. ಪೊನ್ನಣ್ಣನವರು ಎರಡೂ ಮಾಡಲಿಲ್ಲ. ಅವರು ಕಲಿತದ್ದು ಒಂದೇ ಪಾಠ: ಮೇಲಧಿಕಾರಿ ಬಾಯಿಮಾತಿನಲ್ಲಿ ಆದೇಶ ಕೊಟ್ಟರೆ, ಬಂದು ಅದನ್ನು ಬರೆದಿಟ್ಟು, ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಸೀಟಿಗೆ ಬಂದು ಕೂತು, ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು: ‘ಸೂಚನೆಯಂತೆ ಇಂದು ಹನ್ನೊಂದು ನಲವತ್ತಕ್ಕೆ ಜಾಯಿಂಟ್ ರಿಜಿಸ್ಟ್ರಾರ್ ಅವರೊಂದಿಗೆ ಮಾತನಾಡಲಾಯಿತು. ಪುಟ ಹದಿನಾಲ್ಕನ್ನು ತೆಗೆದು, ಮುಂದೆ ಬರಲಿರುವ ಬೇರೆ ಅಂಕಪಟ್ಟಿಯನ್ನು ಇಡುವಂತೆ ಮೌಖಿಕ ಆದೇಶವಾಗಿದೆ. ದಯವಿಟ್ಟು ಲಿಖಿತದಲ್ಲಿ ಖಚಿತಪಡಿಸಬೇಕಾಗಿ ಕೋರಿಕೆ.’ ಸಹಿ ಹಾಕಿ, ತಾರೀಖು ಹಾಕಿ, ಫೈಲನ್ನು ಮೇಲಕ್ಕೆ ಕಳಿಸಿದರು.

ಪಕ್ಕದ ಮೇಜಿನ ಯೋಗೀಶನಿಗೆ ಈ ಸುದ್ದಿ ತಿಳಿದಾಗ ಅವನು ಸೀಟಿನಿಂದ ಎದ್ದು ನಿಂತ. ಹಾಸನದ ಕಡೆಯ ತಂದೆತಾಯಿಯ ಮಗ, ಹುಟ್ಟಿ ಬೆಳೆದದ್ದು ಇಲ್ಲೇ ಪೀತಮ್‌ಪುರಾದಲ್ಲಿ. ಕನ್ನಡ ಅರ್ಥವಾಗುವಷ್ಟು ಆಡಲು ಬರುತ್ತಿರಲಿಲ್ಲ.

“ಅಂಕಲ್, ಯೇ ಆಪ್‌ನೇ ಕ್ಯಾ ಕಿಯಾ? ಪ್ಲೀಸ್ ಸ್ಪೀಕ್ ಅಂದ್ರೆ ಮಾತಾಡಿ ಅಂತ ಅಲ್ಲ ಅಂಕಲ್. ಬರೀಬೇಡಿ ಅಂತ.”

“ಬರೀಬೇಡಿ ಅಂತಿದ್ರೆ ಬರೀಬೇಡಿ ಅಂತ ಬರೀಬೇಕಿತ್ತಪ್ಪ” ಎಂದರು ಪೊನ್ನಣ್ಣನವರು. ತಮಾಷೆ ಮಾಡುತ್ತಿರಲಿಲ್ಲ.

ಫೈಲು ಹಿಂದಿರುಗಲಿಲ್ಲ. ಆಗಸ್ಟ್‌ನಲ್ಲಿ ಫಲಿತಾಂಶ ಬಂತು. ಎಪ್ಪತ್ತೊಂದು ಅಂಕದವನು ಆಯ್ಕೆಯಾಗಿದ್ದ. ಸಮಿತಿಯ ಐವರೂ ಹೊಸ ಪಟ್ಟಿಗೆ ಹೊಸದಾಗಿ ಸಹಿ ಹಾಕಿದ್ದರು. ಐವರೂ ಪುಸ್ತಕ ಬರೆದವರು, ಒಬ್ಬರಿಗೂ ಬೇಡ ಎನ್ನುವ ಒಂದು ಪದ ಸಿಗಲಿಲ್ಲ. ಅಹಲ್ಯಾಳ ತರಗತಿಗಳು ಅದೇ ತಿಂಗಳು ನಿಂತುಹೋದವು. ಸೆಪ್ಟೆಂಬರಿನಲ್ಲಿ ಆಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಅಂಕಪಟ್ಟಿಯ ಮತ್ತು ನೋಟ್‌ಶೀಟಿನ ನಕಲು ಕೇಳಿದಳು. ಆ ಅರ್ಜಿ ನೇಮಕಾತಿ ವಿಭಾಗಕ್ಕೆ, ಅಂದರೆ ಪೊನ್ನಣ್ಣನವರ ಮೇಜಿಗೇ ಬಂತು.

ಹಿಂದೆಯೇ ಒಂದು ಫೈಲೂ ಬಂತು. ಮೂಲ ಫೈಲು ಎಲ್ಲೋ ಕಳೆದುಹೋಗಿದೆಯಂತೆ, ಇದನ್ನು ‘ಪುನರ್‌ರಚಿಸಲಾಗಿದೆ’ಯಂತೆ. ಪೊನ್ನಣ್ಣನವರು ಒಂದೊಂದೇ ಹಾಳೆ ತಿರುವಿದರು. ಪುಟಸಂಖ್ಯೆಗಳನ್ನು ಮೊಹರಿನ ಯಂತ್ರದಿಂದ ಒತ್ತಿದ್ದರು. ಅವರ ಟಿಪ್ಪಣಿ ಇರಬೇಕಾದ ಕಡೆ ಟೈಪ್ ಮಾಡಿದ ಬೇರೊಂದು ಟಿಪ್ಪಣಿ ಇತ್ತು, ಮೊದಲ ಹೆಸರು ಬೇರೆಯದಿತ್ತು. ಹನ್ನೊಂದು ನಲವತ್ತಕ್ಕೆ ಆಡಿದ ಮಾತಿನ ಸುಳಿವೇ ಇರಲಿಲ್ಲ. ಕೊನೆಗೆ, ಸಹಿ ಮಾಡಬೇಕಾದ ಜಾಗದಲ್ಲಿ ಯಾರೋ ಪೆನ್ಸಿಲಿನಿಂದ ಒಂದು ಸಣ್ಣ ಇಂಟು ಮಾರ್ಕು ಹಾಕಿಟ್ಟಿದ್ದರು. ಇಲ್ಲಿ ಸಹಿ ಹಾಕಿ ಎಂದು ಅರ್ಥ. ಅವರು ಪೆನ್ನಿನ ಮುಚ್ಚಳ ಹಾಕಿ ಫೈಲು ಮುಚ್ಚಿದರು. ಅವರ ಗುತ್ತಿಗೆ ಆ ತಿಂಗಳ ಕೊನೆಗೆ ಮುಗಿಯುವುದಿತ್ತು. ಅದರ ನವೀಕರಣವೂ ಅಭಿಷೇಕ್ ಸಾಹೇಬರ ಮೇಜಿನ ಮೇಲೇ ಇತ್ತು.

ಆ ಸಂಜೆ ಮನೆಯಲ್ಲಿ ಎಲ್ಲವನ್ನೂ ಹೇಳಿದರು. ದೇಚಮ್ಮ ಮಂತ್ರಾಲಯದಲ್ಲಿ ಇಪ್ಪತ್ತು ವರ್ಷದಿಂದ ಇಂಥದ್ದನ್ನು ಕಂಡವಳು. ಸಹಿ ಹಾಕಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ನಿಶಿತಾ ಮಾತ್ರ ಫೋನಿನಿಂದ ತಲೆ ಎತ್ತಿ, “ಪಪ್ಪಾ, ನೀವು ಆ ಪೇಜ್‌ದು ಫೋಟೋ ತೆಗೀಲಿಲ್ವಾ? ಎಷ್ಟು ಸಿಂಪಲ್ ಇತ್ತು” ಎಂದಳು.

“ಆಫೀಸಿನ ಕಾಗದದ ಫೋಟೋ ತೆಗೀಬಾರದು ಮಗಳೇ. ಸೈನ್ಯದಲ್ಲಿ ಅದು ಅಪರಾಧ.”

“ಇದು ಸೈನ್ಯ ಅಲ್ವಲ್ಲ ಪಪ್ಪಾ.”

ಇಪ್ಪತ್ತಾರು ವರ್ಷ ಒಂದು ಸಂಸ್ಥೆಯನ್ನು ನಂಬಿ ಬದುಕಿದವನಿಗೆ, ಇನ್ನೊಂದು ಸಂಸ್ಥೆಯ ಮೇಲೆ ಕಣ್ಣಿಡಬೇಕು ಎಂದು ತೋಚಿರಲಿಲ್ಲ. ದೇಚಮ್ಮ ತಟ್ಟೆಗಳನ್ನು ತೆಗೆಯುತ್ತ, “ನಿಮ್ಮಿಂದ ಸಹಿ ಹಾಕೋಕ್ಕಾಗಲ್ಲ, ನಂಗೊತ್ತು. ಆದ್ರೆ ಅದರಿಂದ ಆ ಹುಡುಗಿಗೆ ಏನಾದ್ರೂ ಆಗುತ್ತೆ ಅಂತ ಮಾತ್ರ ಆಸೆ ಇಟ್ಕೋಬೇಡಿ” ಎಂದಳು.

ಮರುದಿನ ಅವರು ಸಹಿ ಹಾಕಲಿಲ್ಲ. ಬದಲಿಗೆ ವಿಶ್ವವಿದ್ಯಾಲಯದ ಪಾರದರ್ಶಕತಾ ಕೋಶಕ್ಕೆ ಎರಡು ಪುಟದ ದೂರು ಬರೆದರು. ನೆಲಮಹಡಿಯಲ್ಲಿ ಗಾಜಿನ ಬಾಗಿಲಿನ ಕೋಣೆ ಅದು. ‘ನಿರ್ಭಯವಾಗಿ ಹೇಳಿ’ ಎಂಬ ಬೋರ್ಡು ಬೇರೆ. ಕೋಶದ ಮುಖ್ಯಸ್ಥರ ಹುದ್ದೆ ಖಾಲಿ ಬಿದ್ದು ಒಂದೂವರೆ ವರ್ಷವಾಗಿದೆ, ಅದರ ಹೆಚ್ಚುವರಿ ಹೊಣೆ ಅಭಿಷೇಕ್ ಸಾಹೇಬರದ್ದೇ ಎಂದು ಬೋರ್ಡಿನಲ್ಲಿ ಬರೆದಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಊರಿನಲ್ಲಿ ದೂರು ಕೊಡುವುದೂ ಬೇಲಿಗೇ. ನಾಲ್ಕು ದಿನದ ಮೇಲೆ ದೂರು ಅವರ ಮೇಜಿಗೆ ವಾಪಸು ಬಂತು. ಅದರ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಎರಡು ಪದ ಬರೆದಿತ್ತು. ಅದೇ ಎರಡು ಪದ.

ಈ ಸಲ ಅದರ ಅರ್ಥ ಗೊತ್ತಿತ್ತು. ಆದರೂ ಹೋದರು. ಚಹಾ ಬರಲಿಲ್ಲ, ಸಾಹೇಬರು ಗದರಲೂ ಇಲ್ಲ.

“ಸುಬೇದಾರ್ ಸಾಬ್, ನಿಮಗೆ ಸಹಿ ಹಾಕೋಕೆ ಮನಸ್ಸಿಲ್ಲ ಅಂದ್ರೆ ಹಾಕಬೇಡಿ. ಜಬರ್‌ದಸ್ತಿ ಏನಿಲ್ಲ. ನಿಮ್ಮನ್ನ ಯಾರೂ ಕೆಲಸದಿಂದ ತೆಗೆಯೋದೂ ಇಲ್ಲ. ಚಲೋ, ಆರಾಮಾಗಿರಿ.”

ಪೊನ್ನಣ್ಣನವರು ಬೈಗುಳಕ್ಕೆ ತಯಾರಾಗಿ ಹೋಗಿದ್ದರು, ಶಿಕ್ಷೆಗೂ ತಯಾರಾಗಿದ್ದರು. ಈ ಮೆತ್ತನೆ ಮಾತು ಕೇಳಿ, ಎದ್ದು ಸೆಲ್ಯೂಟ್ ಹೊಡೆದು ಬಂದುಬಿಟ್ಟರು. ಹೊಡೆದದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಸೋಮವಾರ ಅವರನ್ನು ಮತ್ತೆ ಟಪಾಲು ವಿಭಾಗಕ್ಕೆ ಕಳಿಸಿದರು. ಅದೂ ಬಾಯಿಮಾತಿನಲ್ಲೇ. ಆದರೆ ತಿಂಗಳ ಕೊನೆಗೆ ಗುತ್ತಿಗೆ ನವೀಕರಣದ ಪತ್ರ ಮಾತ್ರ ಲಿಖಿತದಲ್ಲಿ, ಮೊಹರಿನೊಂದಿಗೆ ಬಂತು: ‘ಶ್ರೀ ಪೊನ್ನಣ್ಣ ಅವರನ್ನು ಟಪಾಲು ವಿಭಾಗದಲ್ಲಿ ಮೊದಲಿನಂತೆಯೇ ಹನ್ನೊಂದು ತಿಂಗಳು ಮುಂದುವರಿಸಲಾಗಿದೆ.’ ಅಂತೂ ಕೆಲಸ ಉಳಿಯಿತಲ್ಲ ಎಂದು ಅವರು ಸ್ವೀಕೃತಿಗೆ ಸಹಿ ಹಾಕಿದರು. ‘ಮೊದಲಿನಂತೆಯೇ’ ಎಂಬ ಆ ಪದದ ಮೇಲೆ, ಜೀವಮಾನವೆಲ್ಲ ಪದ ಎಣಿಸಿದ ಮನುಷ್ಯನ ಕಣ್ಣು ನಿಲ್ಲಲಿಲ್ಲ.

ಹೊಸ ಫೈಲಿನ ಪೆನ್ಸಿಲ್ ಗುರುತಿನ ಮೇಲೆ ಯೋಗೀಶ ಸಹಿ ಹಾಕಿದ. ಕ್ಯಾಂಟೀನಿನಲ್ಲಿ ಎದುರಿಗೆ ಬಂದು, “ಅಂಕಲ್, ನಂದು ಪ್ರೊಬೇಶನ್ ಮುಗಿದಿಲ್ಲ. ಬೇಟಿಗೆ ಇನ್ನೂ ಎರಡೇ ವರ್ಷ. ಮಾಫ್ ಕರ್ ದೋ” ಎಂದ. ಪೊನ್ನಣ್ಣನವರು ಅವನ ಭುಜ ತಟ್ಟಿದರು. ಅವನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಸಿಟ್ಟೂ ಬರಲಿಲ್ಲ. ತಾನು ಸಹಿ ಹಾಕದೆ ಇದ್ದರೆ ಏನೋ ನಿಂತುಹೋಗುತ್ತದೆ ಎಂದು ಅವರು ನಂಬಿದ್ದರು. ಸಹಿಗೆ ಬೇರೆ ಕೈ ಸಿಗಲು ಎರಡು ದಿನವೂ ಹಿಡಿಯಲಿಲ್ಲ.

ಅಷ್ಟರಲ್ಲಿ ಸಪ್ತಾಹ ಬಂತು. ಆಕಾಶ ಬೂದಿಬಣ್ಣಕ್ಕೆ ತಿರುಗಿ, ಎಲ್ಲರ ಗಂಟಲೂ ಕೆರೆಯುತ್ತಿದ್ದ ದಿನಗಳು. ಪ್ರಮಾಣವಚನ ಹೇಳಿಸಲು ಸುಬೇದಾರ್ ಸಾಬರನ್ನೇ ಕರೆದರು. ಅವರನ್ನು ಎಲ್ಲಿಂದ ಎಲ್ಲಿಗೆ ಹಾಕಿದರೂ ಧ್ವನಿಯನ್ನು ಯಾರೂ ವರ್ಗಾಯಿಸಿರಲಿಲ್ಲ. ಆಗುವುದಿಲ್ಲ ಎನ್ನಲು ಅವರಿಗೆ ಬರಲಿಲ್ಲ. ಆದೇಶವನ್ನು ಬರೆದು ಕೊಡಿ ಎನ್ನಲು ಬರುತ್ತಿತ್ತು, ಒಲ್ಲೆ ಎನ್ನಲು ಯಾರೂ ಕಲಿಸಿರಲಿಲ್ಲ. ಲಂಚ ಕೊಡುವುದಿಲ್ಲ, ಮುಟ್ಟುವುದಿಲ್ಲ, ಅನ್ಯಾಯ ಕಂಡರೆ ತಿಳಿಸುತ್ತೇನೆ ಎಂದು ಅವರು ಹೇಳಿಸಿದರು. ಮುಂದಿನ ಸಾಲಿನಲ್ಲಿ ಅಭಿಷೇಕ್ ಸಾಹೇಬರು ಕೈ ನೆಟ್ಟಗೆ ಚಾಚಿ, ಒಂದು ಪದವೂ ತಪ್ಪದಂತೆ ಹೇಳಿದರು. ಪೊನ್ನಣ್ಣನವರು ಮಧ್ಯದಲ್ಲಿ ಎರಡು ಸಲ ಸಾಲನ್ನು ಮೊದಲಿನಿಂದ ಶುರುಮಾಡಬೇಕಾಯಿತು. ಹೊಗೆಯ ಕೆಮ್ಮು ಎಂದುಕೊಂಡು ಯಾರೋ ನೀರು ತಂದುಕೊಟ್ಟರು.

ಅಹಲ್ಯಾಗೆ ಹೋಗಬೇಕಾದ ಉತ್ತರವೂ ರವಾನೆಗೆಂದು ಅವರ ಕಿಟಕಿಗೇ ಬಂದಿತ್ತು. ಹೊಸ ಅಂಕಪಟ್ಟಿಯ ನಕಲು, ಹೊಸ ಟಿಪ್ಪಣಿಯ ನಕಲು. ಅವರು ಅದಕ್ಕೆ ನಂಬರು ಹಾಕಿ ಅಂಚೆಗೆ ಕೊಟ್ಟರು. ಹತ್ತು ದಿನಕ್ಕೆ ಆಕೆಯೇ ಕಿಟಕಿಯ ಮುಂದೆ ಬಂದು ನಿಂತಳು, ಮೇಲ್ಮನವಿ ಸಲ್ಲಿಸಲು. ಅವರ ಗುರುತು ಹಿಡಿದಳು.

“ಅವತ್ತು ನೀರು ಕೊಟ್ಟವರು ನೀವೇ ಅಲ್ಲವಾ? ಸರ್, ನನಗೆ ಎಷ್ಟು ಅಂಕ ಬಂದಿತ್ತು ಅಂತ ನಿಮಗೆ ಗೊತ್ತಿರಬೇಕು. ಕುಛ್ ತೋ ಬೋಲಿಯೇ” ಎಂದಳು ಹಿಂದಿಯಲ್ಲಿ, ಏನಾದರೂ ಮಾತಾಡಿ ಎಂದು, ಕಿಟಕಿಯ ಸರಳು ಹಿಡಿದುಕೊಂಡು.

ಪೊನ್ನಣ್ಣನವರು ಆಚೀಚೆ ನೋಡಲಿಲ್ಲ. “ಎಂಬತ್ತೆರಡು. ಮೊದಲ ಹೆಸರು ನಿಮ್ಮದೇ. ಬಾಯಲ್ಲಿ ಹೇಳಿದ್ರೆ ಏನೂ ಪ್ರಯೋಜನ ಇಲ್ಲಮ್ಮ, ಬರೆದು ಕೊಡ್ತೀನಿ” ಎಂದರು. ಅಲ್ಲೇ ಬಿಳಿ ಹಾಳೆ ತೆಗೆದು, ನಡೆದದ್ದನ್ನೆಲ್ಲ ದಿನ ಸಮಯದ ಸಮೇತ ಬರೆದು, ಹೆಸರು ರ್‍ಯಾಂಕು ಹಾಕಿ ಸಹಿ ಮಾಡಿದರು. ಬಲಮೂಲೆಯಲ್ಲಿ ಒಂದು, ಎರಡು ಎಂದು ಪುಟಸಂಖ್ಯೆ ಹಾಕಿದರು. ಕೆಲಸ ಹೋದರೆ ಹೋಗಲಿ ಎನಿಸಿತ್ತು. ಎಷ್ಟೋ ವಾರದ ಮೇಲೆ ಅವತ್ತು ಅವರು ಮನೆಯಲ್ಲಿ ಹೊಟ್ಟೆ ತುಂಬ ಉಂಡರು. ದೇಚಮ್ಮ ಇನ್ನೊಂದು ರೊಟ್ಟಿ ಹಾಕಿದಳು.

ಡಿಸೆಂಬರಿನಲ್ಲಿ ಮೇಲ್ಮನವಿಯ ಆದೇಶವಾಯಿತು. ವಿಶ್ವವಿದ್ಯಾಲಯದ ಮೇಲ್ಮನವಿ ಎಂದರೆ ಮೂರನೆಯ ಮಹಡಿಯಿಂದ ನಾಲ್ಕನೆಯ ಮಹಡಿಗೆ, ಅಷ್ಟೇ ದೂರ. ಅದನ್ನು ಕೈಯಾರೆ ಒಯ್ಯಲು ಅಹಲ್ಯಾ ಬಂದಳು. ತೆರೆದ ಲಕೋಟೆಯಲ್ಲಿದ್ದ ಆದೇಶವನ್ನು ನಂಬರು ಹಾಕುವ ಮುಂಚೆ ಪೊನ್ನಣ್ಣನವರೂ ಓದಿದರು. ಅವರನ್ನು ಸುಳ್ಳುಗಾರ ಎಂದು ಅದರಲ್ಲಿ ಬರೆದಿರಲಿಲ್ಲ. ಬೈದಿರಲಿಲ್ಲ, ಶಿಸ್ತುಕ್ರಮದ ಮಾತೂ ಇರಲಿಲ್ಲ. ‘ಹೇಳಿಕೆ ನೀಡಿರುವ ಶ್ರೀ ಪೊನ್ನಣ್ಣ ಎಂಬವರು ನೇಮಕಾತಿ ವಿಭಾಗದಲ್ಲಿ ಕೆಲಸ ಮಾಡಿರುವುದಕ್ಕೆ ಯಾವುದೇ ದಾಖಲೆ ಇಲ್ಲ. ಅವರೇ ಸಹಿ ಹಾಕಿ ಸ್ವೀಕರಿಸಿರುವ ನವೀಕರಣ ಪತ್ರದ ಪ್ರಕಾರ ಅವರು ಮೊದಲಿನಿಂದಲೂ ಟಪಾಲು ವಿಭಾಗದಲ್ಲಿದ್ದಾರೆ. ಆದ್ದರಿಂದ ಹೇಳಿಕೆಯನ್ನು ಪರಿಗಣಿಸುವ ಅಗತ್ಯವಿಲ್ಲ.’

ಅವರು ಅದನ್ನು ಎರಡು ಸಲ ಓದಿದರು. ಕಾಗದದ ಮೇಲೆ ಇಲ್ಲದ್ದು ಇಲ್ಲವೇ ಇಲ್ಲ ಎಂದು ಹೊಸ ಹುಡುಗರಿಗೆ ಪಾಠ ಹೇಳುತ್ತಿದ್ದವರು ಅವರೇ. ಸಂಕಟವೆಂದರೆ, ಆದೇಶದಲ್ಲಿ ಒಂದು ತಪ್ಪೂ ಇರಲಿಲ್ಲ. ಅವರು ಆ ಸ್ಥಾನದಲ್ಲಿದ್ದು ಬರೆದಿದ್ದರೂ ಅದೇ ರೀತಿ ಬರೆಯುತ್ತಿದ್ದರು.

“ಮೇಲಿನ ಆಯೋಗಕ್ಕೆ ಹೋಗಬಹುದಂತೆ. ಅಲ್ಲಿ ನಂಬರು ಬರೋದು ಯಾವಾಗ್ಲೋ” ಎಂದಳು ಅಹಲ್ಯಾ. ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡಳು. ಬೇರೆ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಸ ಕೇಳಿದ್ದಾಳಂತೆ. “ನೀವು ಬರೆದು ಕೊಟ್ಟಿರಿ ಸರ್. ಅಷ್ಟು ಸಾಕು.”

ಸಾಕಾಗಿರಲಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದವರು ಕೆಮ್ಮಿದರು. ಪೊನ್ನಣ್ಣನವರು ರವಾನೆ ರಿಜಿಸ್ಟರನ್ನು ಕಿಟಕಿಯ ಕಡೆ ತಿರುಗಿಸಿ, ಕೈಯಾರೆ ತಲುಪಿದೆ ಎಂದು ಬರೆದು, ಆಕೆಗೆ ಜಾಗ ತಿಳಿಯಲೆಂದು ಪೆನ್ಸಿಲಿನಿಂದ ಒಂದು ಸಣ್ಣ ಇಂಟು ಮಾರ್ಕು ಹಾಕಿದರು. ಹಾಕಿದ ಮೇಲೆ ಅದನ್ನು ಕಂಡರು. ಅಳಿಸೋಣವೆಂದು ರಬ್ಬರಿಗೆ ಕೈ ಚಾಚುವಷ್ಟರಲ್ಲಿ ಅಹಲ್ಯಾ ಬಗ್ಗಿ, ಅದರ ಮೇಲೆಯೇ ಸಹಿ ಮಾಡಿ ಹೊರಟುಹೋದಳು.